ಇಲ್ಲದ ಬಾಗಿಲು ತಟ್ಟುವ ನಮ್ಮತ್ತೆ

ನಮ್ಮತ್ತೆಯ ಮನೆಗೆ ಕಾಲಿಂಗ್ ಬೆಲ್ ಇಲ್ಲ. ಆದರೆ ಪ್ರಪಂಚದ ಯಾವ ಮೂಲೆಯ ಕಂಪ್ಯೂಟರಿನ ಬಾಗಿಲನ್ನು ಬೇಕಾದರೂ ಆಕೆ ಪಾಂಡವಪುರದ ತನ್ನ ಅಡುಗೆಮನೆಯ ಪಕ್ಕದ ಕುರ್ಚಿಯಲ್ಲಿ ಕೂತೇ ತಟ್ಟಿ, ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ವಿಚಾರಿಸಿಕೊಂಡು ಬರುತ್ತಾಳೆ! ನೀವು ನಂಬದಿದ್ದರೆ ತಪ್ಪಿಲ್ಲ. ಅವಳ ಜೊತೆ ಇಷ್ಟು ವರ್ಷದಿಂದ ಸಂಸಾರ ಮಾಡುತ್ತಿರುವ ನಮ್ಮ ಮಾವನೇ ಇನ್ನೂ ಪೂರ್ತಿ ನಂಬಿಲ್ಲ.

"ಬೆಲ್ ಯಾಕತ್ತೆ ಹಾಕಿಸಿಲ್ಲ?" ಎಂದು ಒಮ್ಮೆ ಕೇಳಿದೆ. ಗೇಟಿನ ಹತ್ತಿರ ನಿಂತು ಕೂಗಿ ಕೂಗಿ ನನ್ನ ಗಂಟಲು ಕಟ್ಟಿತ್ತು.

"ಬಂದೋರ್ಗೆ ಗಂಟ್ಲಿಲ್ವಾ? ದೇವ್ರು ಒಳಗೇ ಮಡಗಿ ಕಳ್ಸವ್ನೆ. ಅದ ಬುಟ್ಟು ಗೋಡೆ ಮೇಲಿರೋ ಗುಂಡಿ ಒತ್ಬೇಕಾ?"

ಇದು ಅತ್ತೆಯ ಜೀವನಸಿದ್ಧಾಂತ. ಒಳಗೆ ಇರುವುದನ್ನು ಬಿಟ್ಟು ಆಚೆಯಿಂದ ತರಬಾರದು. ಪ್ರತಿ ವಸ್ತುವಿನ ಒಳಗೂ ಮಾಡಿದವರು ಹೇಳದೇ ಬಿಟ್ಟ ಇನ್ನೊಂದು ಕೆಲಸ ಅಡಗಿ ಕೂತಿರುತ್ತದೆ, ಅದನ್ನು ಹುಡುಕಿ ಹೊರಗೆಳೆಯುವುದೇ ಮನುಷ್ಯರ ಕರ್ತವ್ಯ ಎಂದು ಅವಳು ತಿಳಿದಿದ್ದಾಳೆ. ಚಾಕು ಮಸೆಯುವುದು ಪಿಂಗಾಣಿ ಕಪ್ಪಿನ ತಳಕ್ಕೆ. ನುಗ್ಗೆಕಾಯಿ ಕೀಳುವುದು ಕೊಡೆಯ ಹಿಡಿಯಿಂದ. ಕರೆಂಟು ಹೋದರೆ ಕುದಿಯುವ ನೀರು ತುಂಬಿದ ಚೆಂಬೇ ಇಸ್ತ್ರಿಪೆಟ್ಟಿಗೆ. ಮಾವನ ಊರುಗೋಲಿಗೆ ಪೊರಕೆ ಕಟ್ಟಿ ಜೇಡರ ಬಲೆ ತೆಗೆಯುತ್ತಾಳೆ. ಅಷ್ಟು ಹೊತ್ತೂ ಮಾವ ಸೋಫಾದಿಂದ ಏಳುವಂತಿಲ್ಲ. ಪಾಪ, ಅವರಿಗೇನೂ ಬೇಜಾರಿಲ್ಲ. "ನನ್ನೊಳಗೂ ಏನಾದ್ರೂ ಉಡುಕಿ ತೆಗ್ದಾಳೇನೋ ಅಂತ ಇಷ್ಟು ವರ್ಸ ಕಾದೆ. ಏನೂ ಸಿಕ್ದಂಗಿಲ್ಲ" ಎನ್ನುತ್ತಾರೆ.

ಅತ್ತೆ ನನ್ನಪ್ಪನ ಅಕ್ಕ. ಹುಟ್ಟಿದ್ದು ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ, ಮದುವೆಯಾಗಿ ಹೋಗಿದ್ದು ಪಾಂಡವಪುರಕ್ಕೆ. ಅಲ್ಲಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬನ್ನು ನಿವೃತ್ತಿಯಾಗುವ ತನಕ ನೋಡಿಕೊಂಡಳು. ನಮ್ಮ ಕಡೆಯ ಹೆಂಗಸರು ಎಮ್ಮೆ ಕರೆದು ಡೇರಿಗೆ ಹಾಲು ಹಾಕಿ ಬರುತ್ತಿದ್ದ ಕಾಲದಲ್ಲಿ ನಮ್ಮತ್ತೆ ಎಮ್ಮೆಯನ್ನೂ ಕರೆದು, ಹಾಲನ್ನೂ ಹಾಕಿ, ಆಮೇಲೆ ಹೋಗಿ ಲ್ಯಾಬಿನ ಬೀಗ ತೆಗೆಯುತ್ತಿದ್ದಳು. ನನಗೆ ಅವಳೆಂದರೆ ಹೆಮ್ಮೆ. ನಾನು ನಾಗಮಂಗಲ ಕಡೆಯ ಬಿಂಡಿಗನವಿಲೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಹೇಳಿಕೊಡುವವಳು. ಕಂಪ್ಯೂಟರಿಗೂ ನನಗೂ ಅಷ್ಟಕ್ಕಷ್ಟೇ. ಆದರೂ ಸ್ಟಾಫ್ ರೂಮಿನಲ್ಲಿ ಯಾರಾದರೂ ಕಂಪ್ಯೂಟರಿನ ಮಾತೆತ್ತಿದರೆ ಸಾಕು, "ನಮ್ಮತ್ತೆ ಇದ್ದಾಳಲ್ಲ..." ಎಂದು ಶುರು ಮಾಡಿಬಿಡುತ್ತೇನೆ. ಈಗೀಗ ನಾನಿರುವಾಗ ಯಾರೂ ಆ ಮಾತೆತ್ತುವುದಿಲ್ಲ.

ಅತ್ತೆಯ ಕಂಪ್ಯೂಟರಿನಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಒಂದು ಕಪ್ಪು ಪರದೆ, ಅದರಲ್ಲಿ ಮಿಟುಕುವ ಒಂದು ಗೆರೆ. ನಾವು ಅಕ್ಷರದಲ್ಲಿ ಅಪ್ಪಣೆ ಬರೆಯಬೇಕು, ಅದು ಮಾಡಿ ತೋರಿಸಬೇಕು. ಹೀಗೆ ಅಪ್ಪಣೆ ಓದಿ ಕೆಲಸ ಮಾಡಿಸುವ ಯಜಮಾನನಿಗೆ ಶೆಲ್ ಎಂದು ಹೆಸರು. ಬೇರೆಯವರು ಒಂದೊಂದು ಕೆಲಸಕ್ಕೂ ಒಂದೊಂದು ಪ್ರೋಗ್ರಾಂ ತಂದು ತುಂಬಿಕೊಳ್ಳುತ್ತಾರೆ. ಅತ್ತೆ ತರುವವಳೇ? ಶೆಲ್ಲಿನೊಳಗೇ ಕೈಯಾಡಿಸಿದಳು. ಗುಟ್ಟು ಸಿಕ್ಕಿಯೇ ಬಿಟ್ಟಿತು!

ಗುಟ್ಟು ಇಷ್ಟೆ. ಒಂದು ಫೈಲಿಗೆ ಏನನ್ನೋ ಬರೆಯುತ್ತಿರುವಂತೆ ನಟಿಸಬೇಕು. ಫೈಲಿನ ಹೆಸರಿನ ಜಾಗದಲ್ಲಿ ಬೇರೊಂದು ಕಂಪ್ಯೂಟರಿನ ವಿಳಾಸ, ಅದರ ಬಾಗಿಲ ಸಂಖ್ಯೆ ಬರೆಯಬೇಕು. ಶೆಲ್ಲು ತಾನೇ ಎದ್ದು ಹೋಗಿ ಆ ಬಾಗಿಲು ತಟ್ಟುತ್ತದೆ. ತೆರೆದರೆ ಮಾತುಕತೆ, ಇಲ್ಲದಿದ್ದರೆ ಪೆಚ್ಚುಮೋರೆ ಹಾಕಿಕೊಂಡು ವಾಪಸ್ಸು. ತಮಾಷೆಯೆಂದರೆ ಆ ಹೆಸರಿನ ಫೈಲು ಕಂಪ್ಯೂಟರಿನಲ್ಲಿ ಎಲ್ಲಿ ಹುಡುಕಿದರೂ ಇರುವುದಿಲ್ಲ. ಹೆಸರು ಉಂಟು, ವಸ್ತು ಇಲ್ಲ. ಇದನ್ನು ಅತ್ತೆ ಮೊದಲು ವಿವರಿಸಿದ್ದು ಮಾವನಿಗೆ, ಕಾಫಿ ಕೊಡುವಾಗ.

"ಅಂದ್ರೆ, ಇಲ್ದೇ ಇರೋ ಬಾಗ್ಲು ತಟ್ಟುದ್ರೆ ಆಚೆ ಮನೇವ್ರು ಮಾತಾಡ್ತಾರೆ?" ಮಾವ ಕೇಳಿದರು.

"ಊಂ ಕನಿ."

ಮಾವ ಕಾಫಿ ಲೋಟ ಕೆಳಗಿಟ್ಟು ಅವಳ ಹಣೆ ಮುಟ್ಟಿ ನೋಡಿದರು. "ಜ್ವರ ಇಲ್ಲ. ಬಿಸ್ಲಲ್ಲಿ ರಾಗಿ ಒಣಗಾಕಾಕೆ ಓಗಿದ್ದಾ?"

ಅತ್ತೆಯ ಮಗಳು ಶ್ರೀರಂಗಪಟ್ಟಣದಲ್ಲಿದ್ದಾಳೆ. ಅವಳಿಗೆ ಮಗುವಾದಾಗ ಫೋಟೋ ಮೊಬೈಲಿಗೆ ಬಂತು. ಎಲ್ಲರೂ ಮೊಬೈಲಿನಲ್ಲೇ ನೋಡಿ ಲೊಚಲೊಚ ಮುತ್ತಿಡುತ್ತಿದ್ದರೆ ಅತ್ತೆ, "ಇರ್ರಿ, ದೊಡ್ಡ ಪರದೇಲಿ ತೋರುಸ್ತೀನಿ" ಎಂದು ಕಂಪ್ಯೂಟರಿನ ಮುಂದೆ ಕೂತಳು. ಮನೆಯ ವೈಫೈನಲ್ಲೇ ಮೊಬೈಲಿನ ಬಾಗಿಲು ತಟ್ಟಿ, ಶೆಲ್ಲಿನ ಕೈಯಲ್ಲೇ ಫೋಟೋ ತರಿಸುತ್ತಾಳಂತೆ! ನಾವೆಲ್ಲ ಹಿಂದೆ ಸಾಲಾಗಿ ನಿಂತೆವು. ಅತ್ತೆ ಒಂದು ಸಾಲು ಬರೆದು ಗುಂಡಿ ಒತ್ತಿದಳು. ಪರದೆಯ ತುಂಬ ಯಾವ ಲಿಪಿಗೂ ಸೇರದ ಅಕ್ಷರಗಳು, ಚುಕ್ಕೆಗಳು, ಕೊಂಬುಗಳು ಹುತ್ತದಿಂದ ಗೆದ್ದಲು ಎದ್ದಂತೆ ದಬದಬ ಉಕ್ಕಿದವು. ನಡುನಡುವೆ ಕಂಪ್ಯೂಟರು ಕೀಂ ಕೀಂ ಎಂದು ಕಿರುಚಿತು.

ಮಾವ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಮೊಗ ಯಾರಂಗದೆ?"

"ಪೂರ್ತಿ ಬಂದದೆ ಕನಿ! ಒಂದು ಅಕ್ಸರಾನೂ ಉದುರಿಲ್ಲ!" ಅತ್ತೆ ಬೀಗಿದಳು.

"ಅಂಗಾದ್ರೆ ನಿನ್ನಂಗೇ ಅದೆ ಬುಡು. ಒಂದೂ ಅರ್ತ ಆಗ್ತಿಲ್ಲ."

ಇನ್ನೊಂದು ಸಲ ಕಾಲೇಜಿನಿಂದ ಫೋನು ಬಂತು. ಆಫೀಸಿನ ಪ್ರಿಂಟರು ಕೆಲಸ ಮಾಡುತ್ತಿಲ್ಲ, ವೈರು ಕೆಟ್ಟಿದೆಯೆಂದು ಒಬ್ಬರು, ಕಂಪ್ಯೂಟರೇ ಕೆಟ್ಟಿದೆಯೆಂದು ಇನ್ನೊಬ್ಬರು. ಮೇಡಂ, ದಯವಿಟ್ಟು ಬನ್ನಿ. ಅತ್ತೆ ಸೀರೆ ಬದಲಾಯಿಸಿ ಹೋದಳು. ಜೊತೆಗೆ ನಾನೂ ಹೋದೆ, ಇಂಥ ಅವಕಾಶ ಬಿಡಲುಂಟೇ? ಪ್ರಾಂಶುಪಾಲರಿಂದ ಹಿಡಿದು ಎಲ್ಲರೂ ಸುತ್ತ ನೆರೆದರು. ಅತ್ತೆ ಕಪ್ಪು ಪರದೆ ತೆರೆದು, ಶೆಲ್ಲಿನ ಮಹಿಮೆಯನ್ನು ಮೊದಲಿನಿಂದ ವಿವರಿಸಿ, ಎಲ್ಲರೂ ಆಕಳಿಸುವ ಹೊತ್ತಿಗೆ ಒಂದು ಸಾಲು ಬರೆದು ಪ್ರಿಂಟರಿನ ಬಾಗಿಲು ತಟ್ಟಿದಳು. ಬಾಗಿಲು ತೆರೆಯಿತು. "ನೋಡಿ! ವೈರು ಸರಿಯಾಗಿದೆ, ಕಂಪ್ಯೂಟರು ಸರಿಯಾಗಿದೆ, ಪ್ರಿಂಟರು ಜೀವಂತವಾಗಿದೆ!" ಎಂದು ಸಭೆಯ ಕನ್ನಡದಲ್ಲಿ ಘೋಷಿಸಿದಳು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಅಟೆಂಡರು ಸುಮ್ಮನೆ ಬಂದು, ಪ್ರಿಂಟರಿನ ತಟ್ಟೆ ಎಳೆದು, ಒಂದು ಕಟ್ಟು ಕಾಗದ ಇಟ್ಟು ಹೋದ. ಪ್ರಿಂಟರು ಗರಗರ ಶುರುವಾಯಿತು.

ಬೇರೆ ಯಾರಾದರೂ ಆಗಿದ್ದರೆ ಭೂಮಿ ಬಾಯಿ ಬಿಡಬಾರದೇ ಎಂದುಕೊಳ್ಳುತ್ತಿದ್ದರು. ಅತ್ತೆ ಮನೆಗೆ ಬರುವ ದಾರಿಯಲ್ಲಿ ಗೆದ್ದವಳ ಹಾಗೇ ನಡೆದಳು. "ನಂದೇನಮ್ಮಿ ತಪ್ಪು? ಬಾಗ್ಲು ತಟ್ದೆ, ಇವ್ನಿ ಅಂತು. ಒಟ್ಟೆಗೆ ಉಂಡಿದ್ದೀಯಾ ಅಂತ ನಾನ್ಯಾಕೆ ಕೇಳ್ಲಿ?"

ಶೆಲ್ಲಿಗೂ ಮಿತಿ ಇಲ್ಲದಿಲ್ಲ. ಈಗಿನ ಬಹುಪಾಲು ವೆಬ್‌ಸೈಟುಗಳು ಭದ್ರತೆಗೆಂದು ಬೀಗಮುದ್ರೆ ಹಾಕಿಕೊಂಡೇ ಮಾತಾಡುತ್ತವೆ, ಶೆಲ್ಲಿಗೆ ಆ ಬೀಗ ತೆಗೆಯಲು ಬರುವುದಿಲ್ಲ. ಅದಕ್ಕೂ ಅತ್ತೆಯಲ್ಲಿ ಉತ್ತರವುಂಟು. "ಬೀಗ ಆಕ್ಕಂಡು ಕುಂತಿರೋರ ಮನೆಗೆ ನಾವ್ಯಾಕೆ ಓಗ್ಬೇಕು? ಮರ್ವಾದೆ ಇಲ್ವಾ ನಮ್ಗೆ?"

ಈ ಮರ್ಯಾದೆ ಎನ್ನುವುದಿದೆಯಲ್ಲ, ಅದೇ ನಮ್ಮ ಮನೆಯನ್ನು ಹಾಳು ಮಾಡಿದ್ದು.

ಅಪ್ಪ ಅಕ್ಕಿಹೆಬ್ಬಾಳಿನಲ್ಲಿ ಹೊಸ ಮನೆ ಕಟ್ಟಿಸಿದ. ಮನೆ ಒಕ್ಕಲಿಗೆ ಎಲ್ಲ ನೆಂಟರ ಮನೆಗೂ ಅರಿಶಿನ ಕುಂಕುಮ ಹಿಡಿದು ಖುದ್ದಾಗಿ ಹೋಗಿ ಕರೆದುಬಂದ. ಒಬ್ಬಳನ್ನು ಬಿಟ್ಟು. ಆ ಒಬ್ಬಳಿಗೆ ಮಾತ್ರ, ಪಕ್ಕದ ಮನೆಯವರ ಕೈಕಾಲು ಹಿಡಿದು, ಹೂವು ಉದುರುವ, ದೀಪ ಉರಿಯುವ, ಓಲಗ ಊದುವ ಒಂದು ಕರೆಯೋಲೆ ಮಾಡಿಸಿ ವಾಟ್ಸಾಪಿನಲ್ಲಿ ಕಳಿಸಿದ! ಉದಾಸೀನದಿಂದಲ್ಲ. ಅಕ್ಕ ಕಂಪ್ಯೂಟರ್ ಓದಿದವಳು, ಅವಳ ಅಂತಸ್ತಿಗೆ ತಕ್ಕಂತೆ ಕರೆಯಬೇಕು ಎಂದು ಪ್ರೀತಿಯಿಂದಲೇ ಮಾಡಿದ್ದು. ಆ ಓಲೆ ಮಾಡಿಸಲು ಅವನು ಪಟ್ಟ ಪಾಡು ನಾನು ನೋಡಿದ್ದೇನೆ.

ಅತ್ತೆ ಬರಲಿಲ್ಲ. "ಊರೋರ್ಗೆಲ್ಲ ಕುಂಕ್ಮ, ಉಟ್ಟಿದ್ ಮನೆ ಎಣ್ ಮಗ್ಳಿಗೆ ಮೊಬೈಲಾ?" ಎಂದಳು.

ಅಪ್ಪ ಕೆಂಡವಾದ. "ಕಂಪ್ಯೂಟ್ರಮ್ಮುಂಗೆ ಕಂಪ್ಯೂಟ್ರಲ್ಲೇ ಕರ್ದೆ. ತಪ್ಪಾ? ತವ್ರಿಗೆ ಬರಾಕೆ ಇವ್ಳಿಗೆ ಪಲ್ಲಕ್ಕಿ ಕಳಿಸ್ಬೇಕಾಗಿತ್ತಾ?"

ಅಲ್ಲಿಗೆ ಮಾತು ನಿಂತಿತು. ಅವನೇ ಬಂದು ಕರೆಯಲಿ ಎಂದು ಅವಳು, ಅವಳೇ ಬರಲಿ ಎಂದು ಇವನು. ಗೌರಿಹಬ್ಬಕ್ಕೆ ತಮ್ಮನಾದವನು ಅಕ್ಕನಿಗೆ ಬಾಗಿನ ಕೊಡಬೇಕಲ್ಲ, ಅಪ್ಪ ಅದನ್ನು ತಪ್ಪಿಸಲಿಲ್ಲ. ಆದರೆ ತಾನು ಹೋಗದೆ ನನ್ನ ಕೈಯಲ್ಲಿ ಕಳಿಸಿದ. "ಮೊರ ಮಾತ್ರ ಬಸ್ಸತ್ತಿ ಬಂತಾ? ಕೊಡೋ ಕೈ ಊರಲ್ಲೇ ಉಳ್ಕತ್ತಾ?" ಎಂದಳು ಅತ್ತೆ. ಇಬ್ಬರೂ ನನ್ನನ್ನು ಕಂಡಾಗ ಮೊದಲು ಕೇಳುವುದು ಇನ್ನೊಬ್ಬರ ಆರೋಗ್ಯವನ್ನೇ. ಬಿ.ಪಿ. ಮಾತ್ರೆ ತಕ್ಕೋತಾವ್ನಾ? ಮಂಡಿನೋವು ವಾಸಿಯಾಯ್ತಾ ಅವ್ಳಿಗೆ? ಇಷ್ಟು ಪ್ರೀತಿ ಇಟ್ಟುಕೊಂಡು ಹೀಗೆ ಹಟ ಹಿಡಿದವರನ್ನು ಏನು ಮಾಡೋಣ ಹೇಳಿ! ಇಬ್ಬರಿಗೂ ವಯಸ್ಸಾಗುತ್ತಿತ್ತು. ಹೀಗೇ ಒಂದು ದಿನ ಒಬ್ಬರು ಇಲ್ಲವಾದರೆ?

ಈ ಸಲವೂ ಹಬ್ಬದ ಹಿಂದಿನ ದಿನ ಅಪ್ಪ ಮೊರ ನನ್ನ ಕೈಗಿಟ್ಟ. ಪಾಂಡವಪುರಕ್ಕೆ ಹೋದೆ. ಅತ್ತೆ ಮೊರವನ್ನು ಒಮ್ಮೆ ನೋಡಿ, ಮಾತು ತಪ್ಪಿಸಲೆಂದೇ ಇರಬೇಕು, "ಬಾ ಅಮ್ಮಿ, ನಿಮ್ ಇಸ್ಕೂಲು ಕೊಟ್ಟಿರೋ ಲ್ಯಾಪ್‌ಟಾಪ್ ತಗಿ, ನಮ್ ಶೆಲ್ಲಿಂದ ಅದ್ರ ಬಾಗ್ಲು ತಟ್ತೀನಿ" ಎಂದಳು. ತಟ್ಟಿದಳು. ನನ್ನ ಲ್ಯಾಪ್‌ಟಾಪು ಒಲ್ಲೆ ಎಂದಿತು.

"ನಿನ್ ಕಡೆ ಯಾರೂ ಕಾಯ್ತಾ ಕುಂತಿಲ್ಲ, ಅದ್ಕೆ. ತಟ್ಟೋರು ಒಬ್ರಾದ್ರೆ ಓಗೊಡೋಕೆ ಇನ್ನೊಬ್ರು ಕಾಯ್ತಿರ್ಬೇಕು."

"ಹಂಗಾದ್ರೆ ನಿನ್ನ ಶೆಲ್ಲೇ ಕಾಯ್ತಾ ಇರಲಿ ಅತ್ತೆ. ನಾನು ಈ ಕಡೆಯಿಂದ ತಟ್ತೀನಿ."

"ಅದುಕ್ಕೆ ಕಾಯಾಕೆ ಬರಲ್ಲ ಕಣಮ್ಮಿ. ಆ ಇದ್ಯೆ ಇದ್ರೊಳ್ಗಿಲ್ಲ. ಇದೇನಿದ್ರೂ ತಾನೇ ಓಗಿ ಕರೀತದೆ, ಅಷ್ಟೆ. ಕಾಯ್ಬೇಕು ಅಂದ್ರೆ ಆಚೆಯಿಂದ ಬ್ಯಾರೆ ಪ್ರೋಗ್ರಾಮು ತಂದು ಆಕ್ಬೇಕು."

"ಎರಡು ಕಡೆಯೂ ಬರೀ ಕಾಯೋ ಪ್ರೋಗ್ರಾಮೇ ಇದ್ದರೆ?" ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದೆ.

"ಎರಡೂ ಕಾಯ್ತಾ ಕುಂತಿರ್ತವೆ. ಕರೆಂಟು ಓಗೋಗಂಟ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಪರದೆಯ ಮೇಲಿನ ಗೆರೆ ಮಿಟುಕುತ್ತಲೇ ಇತ್ತು. ಅತ್ತೆ ಎದ್ದು, ಒಳಗೆ ಹೋಗಿ ಮುಖ ತೊಳೆದು ಬಂದಳು. "ಆ ಮೊರ ವಾಪಸ್ ತಕ್ಕಂಡೋಗು. ನಿಮ್ಮಪ್ಪನ ಕೈಗೆ ಕೊಡು."

ಬಾಗಿನವನ್ನು ಯಾರಾದರೂ ಹಿಂದಕ್ಕೆ ಕಳಿಸುತ್ತಾರೆಯೇ? ಇದಕ್ಕಿಂತ ದೊಡ್ಡ ಅವಮಾನ ನಮ್ಮ ಕಡೆ ಇಲ್ಲ. ನಾನು ಅತ್ತೆಯ ಮುಖವನ್ನೂ ನೋಡದೆ ಹೊರಟೆ. ಕೆ.ಆರ್. ಪೇಟೆ ಬಸ್ಸಿನಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳನ್ನು ಪಕ್ಕದ ಹೆಂಗಸು "ತವ್ರಿಂದ ಬಂದುದ್ದಾ?" ಎಂದು ಕೇಳಿದರೆ ಏನು ಹೇಳಲಿ? ಊರಿನಲ್ಲಿ ಅಪ್ಪ ಮೊರ ನೋಡಿದ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಅದನ್ನು ಇಸಿದುಕೊಂಡು ದೇವರ ಮುಂದಿಟ್ಟು ಹಿತ್ತಲಿಗೆ ಹೋಗಿಬಿಟ್ಟ.

ಮಾರನೆಯ ಬೆಳಿಗ್ಗೆ ಅವ್ವ ಗೌರಿಪೂಜೆಗೆ ಅಣಿ ಮಾಡುತ್ತಿದ್ದಳು. ಅಪ್ಪ ಪೇಪರು ಹಿಡಿದು ಕೂತಿದ್ದ, ಪುಟ ಮಾತ್ರ ತಿರುವುತ್ತಿರಲಿಲ್ಲ. ಹೊಸ ಮನೆಗೆ ಅವನು ಗುಬ್ಬಚ್ಚಿಯಂತೆ ಚಿಲಿಪಿಲಿಗುಟ್ಟುವ ಬೆಲ್ ಹಾಕಿಸಿದ್ದಾನೆ. ಒಕ್ಕಲಿನ ದಿನದಿಂದಲೂ ಅದು ಕೂಗಿದಾಗಲೆಲ್ಲ ನಮಗಿಂತ ಮೊದಲು ಅವನೇ ಹೋಗಿ ಬಾಗಿಲು ತೆಗೆಯುತ್ತಾನೆ. ಯಾಕೆಂದು ನಾನು ಯೋಚಿಸಿಯೇ ಇರಲಿಲ್ಲ.

ಅವತ್ತು ಬೆಲ್ ಕೂಗಲಿಲ್ಲ.

"ಲೇ ಕುಳ್ಳಾ!"

ಹೇಮಾವತಿಯ ಆಚೆ ದಡಕ್ಕೂ ಕೇಳುವಂಥ ಗಂಟಲು. ಮೊಮ್ಮಕ್ಕಳನ್ನು ಕಂಡ ನನ್ನಪ್ಪನನ್ನು ಈ ಹೆಸರಿನಿಂದ ಕರೆಯಬಲ್ಲವರು ಭೂಮಿಯ ಮೇಲೆ ಉಳಿದಿರುವುದು ಒಬ್ಬಳೇ.

"ಓ... ಅಕ್ಕಾ!" ಎಂದು ಓಗೊಟ್ಟುಕೊಂಡೇ ಅಪ್ಪ ಎದ್ದ. ಪೇಪರು ಒಂದು ಕಡೆ, ಕನ್ನಡಕ ಒಂದು ಕಡೆ. ಹೊಸ್ತಿಲಾಚೆ, ಬೆಲ್ಲಿನ ಗುಂಡಿಯ ಪಕ್ಕದಲ್ಲೇ, ಅತ್ತೆ ಬರಿಗೈಯಲ್ಲಿ ನಿಂತಿದ್ದಳು. ಒಂದು ಹಣ್ಣಿಲ್ಲ, ಒಂದು ಮೊಳ ಹೂವಿಲ್ಲ.

"ಆಚೆಯಿಂದ ಏನೂ ತಂದಿಲ್ಲ ಕಣ್ಲಾ" ಎಂದಳು. ಬೆರಳಿನಿಂದ ಗಂಟಲು ತೋರಿಸಿದಳು. "ಒಳಗಿದ್ದುದ್ನೇ ತಂದಿವ್ನಿ. ಬಾಗ್ನ ನಿನ್ ಕೈಯಾರೆ ಕೊಡು ಅಂತ ಇಲ್ಗೇ ಕಳ್ಸಿದ್ದೆ."

ಅಪ್ಪ ದೇವರ ಮುಂದಿನಿಂದ ಮೊರ ತಂದ. ತನ್ನ ಕೈಯಾರೆ ಅಕ್ಕನ ಕೈಗಿಟ್ಟ. "ಕರಿಯಾಕೆ ಇಷ್ಟ್ ದಿನ ಮಾಡ್ಬುಟ್ಟಲ್ಲಕ್ಕಾ" ಎಂದು ಅಪ್ಪ ಮಗುವಿನ ಹಾಗೆ ಅತ್ತುಬಿಟ್ಟ.

ನಾನು ಬಾಯಿಬಿಟ್ಟು ನೋಡುತ್ತ ನಿಂತಿದ್ದೆ. ಅತ್ತೆ ಸೆರಗಿನ ಒಂದು ತುದಿಯಲ್ಲಿ ತಮ್ಮನ ಕಣ್ಣೊರೆಸಿ, ಇನ್ನೊಂದು ತುದಿಯಲ್ಲಿ ತನ್ನದನ್ನು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಏನಮ್ಮಿ ಅಂಗ್ ನೋಡ್ತಿದ್ದೀಯಾ? ನಮ್ ಶೆಲ್ಲಿಗೆ ಕಾಯಾಕೆ ಬರಲ್ಲ ಅಂತ ನಿನ್ನೇನೇ ಏಳ್ಲಿಲ್ವಾ?"