ನರಸಿಂಹಪ್ಪ ಮೇಷ್ಟ್ರ ವರ್ಗದ ಅರ್ಜಿ

ಎಲ್ಲಾ ಕೆಟ್ಟಿದ್ದು ಜೇಬಿನಲ್ಲಿದ್ದ ಆ ಅರ್ಜಿಯಿಂದ. ಕೆಲಮಂಗಲದ ಹೊರಗೆ, ಯಾರ ಮಾತಿಗೂ ಬಗ್ಗದ ಹುಡುಗರಿಗೆಂದೇ ಇದ್ದ ವಸತಿ ಶಾಲೆಯಲ್ಲಿ ನರಸಿಂಹಪ್ಪ ಮೇಷ್ಟ್ರು ಮೂರು ವರ್ಷ ಸವೆಸಿದ್ದರು. ಹೆಂಡತಿ ವರಲಕ್ಷ್ಮಮ್ಮ ಹೊಸೂರಿನಲ್ಲಿ. ಅವತ್ತು ಸೇಲಂನಿಂದ ಬರಲಿದ್ದ ಶಾಲಾ ಇನ್ಸ್‌ಪೆಕ್ಟರು ಹುಡುಗರನ್ನು ಮೆಚ್ಚಿದರೆ, ಆ ಖುಷಿಯಲ್ಲೇ ಹೊಸೂರಿಗೆ ವರ್ಗ ಕೇಳಿಬಿಡುವುದು ಎಂದುಕೊಂಡಿದ್ದರು.

ಹುಡುಗರಾದರೂ ಎಂಥವರು? ಬಚ್ಚಪ್ಪನಿಗೆ ಸಿಟ್ಟು ಬಂದರೆ ಕೈಗೆ ಕಲ್ಲು ಬರುತ್ತಿತ್ತು, ಗುರಿ ಒಮ್ಮೆಯೂ ತಪ್ಪಿದ್ದಿಲ್ಲ. ಚೆನ್ನಕೇಶವ ಹನ್ನೊಂದು ಸಲ ಓಡಿಹೋಗಿದ್ದ. ಉದ್ದನಪಲ್ಲಿವರೆಗಿನ ಒಳದಾರಿಗಳೆಲ್ಲ ಅವನಿಗೆ ಬಾಯಿಪಾಠ. ಮೇಷ್ಟ್ರು ಹೊಡೆಯುತ್ತಿರಲಿಲ್ಲ. ಬಚ್ಚಪ್ಪನ ಸಿಟ್ಟಿಳಿಯುವವರೆಗೆ ಅವನ ಜೊತೆ ತಾವೂ ತೋಟ ಅಗೆಯುತ್ತಿದ್ದರು. ಚೆನ್ನಕೇಶವನನ್ನು ಹುಡುಕಿ, ಮರದಡಿ ಕೂರಿಸಿ, ಬುತ್ತಿ ಉಣಿಸಿ ಕರೆತರುತ್ತಿದ್ದರು.

ಅವತ್ತು ಬೆಳಗಾಗುತ್ತಲೇ ಬಚ್ಚಪ್ಪ ನೀರಿನ ಮಡಕೆ ಒಡೆದ. ಚೆನ್ನಕೇಶವ ಕಾಣಲೇ ಇಲ್ಲ.

"ಎಲ್ಲಾರ್ನೂ ಒಳಗೆ ಕೂಡಾಕಿ ಬೀಗ ಜಡೀರಿ ಮೇಷ್ಟ್ರೇ," ಎಂದಳು ಅಡುಗೆಯ ರಾಮಕ್ಕ. ಕೇಳದೆ ಬುದ್ಧಿ ಹೇಳುವುದು ಅವಳಿಗೆ ಸಾರಿಗೆ ಒಗ್ಗರಣೆ ಹಾಕಿದಷ್ಟೇ ಸಲೀಸು.

"ಕೂಡಾಕಿದ್ರೆ ಬಾಗಿಲು ಉಳಿಯುತ್ತಾ ರಾಮಕ್ಕ?"

ಅಷ್ಟರಲ್ಲಿ ಜಟಕಾ ಬಂತು. ಗಾಡಿಯವನು ಇಳಿದು ಗೇಟು ತೆಗೆಯುತ್ತಿದ್ದಂತೆ ಕುದುರೆ ಕೆನೆದು ಗರಕ್ಕನೆ ತಿರುಗಿ, ಇನ್ಸ್‌ಪೆಕ್ಟರ ಸಮೇತ ಉದ್ದನಪಲ್ಲಿ ರಸ್ತೆ ಹಿಡಿಯಿತು. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಹಿಂದೆ ಓಡಿದರು, ರಾಗಿ ಹೊಲದಲ್ಲಿ ಮುಗ್ಗರಿಸಿದರು, ಎದ್ದು ಮತ್ತೆ ಓಡಿದರು. ವರ್ಗ ಹೋಗಲಿ, ಕೆಲಸ ಉಳಿದರೆ ಸಾಕಿತ್ತು.

ತಿರುವಿನಲ್ಲಿ ನೋಡಿದರೆ ಕುದುರೆ ಕಡಿವಾಣ ಚೆನ್ನಕೇಶವನ ಕೈಯಲ್ಲಿ! ಇನ್ಸ್‌ಪೆಕ್ಟರು ನಡುಗುತ್ತಾ ಇಳಿದರು.

"ಯಾರಪ್ಪಾ ನೀನು?"

"ಇಸ್ಕೂಲ್ ಹುಡ್ಗ, ಸಾಮಿ. ಎಲ್ಲಾ ನಮ್ ಮೇಷ್ಟ್ರು ಕಲ್ಸಿದ್ದು."

ಹುಡುಗರು ಚೆನ್ನಕೇಶವನನ್ನು ಹೆಗಲ ಮೇಲೆ ಹೊತ್ತು ತಂದರು. ಬಚ್ಚಪ್ಪ ಎರಡು ಕೈಯಲ್ಲಿ ಮಜ್ಜಿಗೆ ತಂದುಕೊಟ್ಟ. ಮೇಷ್ಟ್ರ ಎದೆ ಉಬ್ಬಿತು, ಕಣ್ಣು ತುಂಬಿತು, ಕೈ ಜೇಬಿನಿಂದ ವರ್ಗದ ಅರ್ಜಿ ತೆಗೆದು ಮುಂದೆ ಹಿಡಿಯಿತು.

"ಅರ್ಜಿ ಗಿರ್ಜಿ ಏನೂ ಬೇಡ," ಎಂದರು ಇನ್ಸ್‌ಪೆಕ್ಟರು. "ಇಂಥವರನ್ನ ವರ್ಗ ಮಾಡೋದುಂಟೇ? ರಿಟೈರಾಗೋವರೆಗೂ ನೀವು ಇಲ್ಲೇ. ಇನ್ನೂ ಇಪ್ಪತ್ತು ಹುಡುಗರನ್ನ ಕಳಿಸ್ತೀನಿ."

ಸಂಜೆ ಬಚ್ಚಪ್ಪ ಚೆನ್ನಕೇಶವನನ್ನೂ ಕರೆದುಕೊಂಡು ತಲೆ ತಗ್ಗಿಸಿ ಬಂದ.

"ನಿಮ್ ಜೇಬ್ನಾಗಿದ್ದ ಅರ್ಜಿ ಓದ್ಬುಟ್ವಿ ಮೇಷ್ಟ್ರೇ. ಸಾಯೇಬ್ರು ಮೆಚ್ಚದಿದ್ರೇನೇ ವರ್ಗ ಮಾಡೋದಂತೆ, ಹಿಂದ್ಲ ಮೂರು ಮೇಷ್ಟ್ರೂ ಹಂಗೇ ಹೋದ್ರಂತೆ. ರಾಮಕ್ಕ ಹೇಳ್ತು. ಸಾಯೇಬ್ರು ಮೆಚ್ಲಿ, ನೀವು ಇಲ್ಲೇ ಇರ್ಲಿ ಅಂತ ನಾನು ಕುದ್ರೆಗೆ ಒಂದೇ ಒಂದ್ ಕಲ್ ಬೀಸ್ದೆ. ಇವ್ನು ಅದ್ನ ಹಿಡಿಯಾಕೆ ತಿರುವ್ನಾಗೆ ಕಾಯ್ತಿದ್ದ."

ಮೇಷ್ಟ್ರು ಮೂರು ವರ್ಷದಲ್ಲಿ ಮೊದಲ ಸಲ ಕೈ ಎತ್ತಿದರು. ಎತ್ತಿದ ಕೈ ಅವನ ತಲೆ ನೇವರಿಸಿತು. ಆಮೇಲೆ ಅರ್ಜಿಯ ಹಿಂಬದಿಯಲ್ಲೇ ಹೆಂಡತಿಗೆ ಬರೆದರು: "ನೀನೇ ಬಂದುಬಿಡು. ದೊಡ್ಡ ಪಾತ್ರೆಗಳನ್ನು ತಾ."

ಕಾಗದ ಅಂಚೆಗೆ ಹಾಕಲು ಚೆನ್ನಕೇಶವ ಹನ್ನೆರಡನೇ ಸಲ ಓಡಿದ. ಊಟದ ಹೊತ್ತಿಗೆ ತಾನಾಗಿಯೇ ವಾಪಸ್ಸು ಬಂದ.