ಗಿರಣಿಗೆ ಹೋದ ಕಾಫಿ

ಚಹಾ ಬೇಡ ಎನ್ನುವ ಮನುಷ್ಯನನ್ನು ನಾನು ಪೂರ್ತಿ ನಂಬುವುದಿಲ್ಲ. ತಪ್ಪು ನನ್ನದಲ್ಲ, ನನ್ನ ಕಸುಬಿನದು. ಸೇಡಂ ಬಜಾರಿನಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಗಿರಾಕಿ ಬಂದು ಕೂತ ಕೂಡಲೇ ಚಹಾ ತರಿಸುತ್ತೇನೆ. ಕುಡಿದವರು ಸಂಕೋಚಕ್ಕಾದರೂ ಒಂದು ಟವೆಲ್ ಒಯ್ಯುತ್ತಾರೆ. ಬೇಡ ಎಂದವರು ಕಪಾಟಿನ ಸೀರೆಯನ್ನೆಲ್ಲ ಬಿಚ್ಚಿಸಿ, "ಮನ್ಯಾಗ ಕೇಳ್ಕೊಂಡು ಬರ್ತೀವ್ರಿ" ಎಂದು ಎದ್ದು ಹೋಗುತ್ತಾರೆ. ಹೀಗೆ ಶುಂಠಿ, ಸಕ್ಕರೆಯ ಬಲದಿಂದ ಸಂಸಾರ ನಡೆಸಿಕೊಂಡು ಬಂದ ನನ್ನ ಮನೆಗೆ ಕಾಫಿ, ಅದೂ ಹಾಲು ಸಕ್ಕರೆ ಎರಡನ್ನೂ ಸೇರಿಸದ ಕಾಫಿ ಬಂದದ್ದು ನನ್ನ ಹೆಂಡತಿ ಮಹಾದೇವಿಯ ದೆಸೆಯಿಂದ.

ಮಹಾದೇವಿ ಓಣಿಯ ಹೆಂಗಸರ ಜೊತೆ ಸಂಘ ಕಟ್ಟಿಕೊಂಡು ಜೋಳದ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಯಾವುದೋ ತರಬೇತಿಗೆಂದು ಹೈದರಾಬಾದಿಗೆ ಹೋದಾಗ ಅವಳಿಗೆ ಆಂಧ್ರದ ಬೆಟ್ಟದ ಕಡೆಯ ರೈತ ಹೆಂಗಸರ ಗೆಳೆತನವಾಯಿತು. ಅವರದೂ ಒಂದು ಸಹಕಾರ ಸಂಘ. ತಾವೇ ಕಾಫಿ ಬೆಳೆದು, ಕೆಂಪು ಹಣ್ಣನ್ನಷ್ಟೇ ಆರಿಸಿ, ಒಣಗಿಸಿ, ಹುರಿದು, ತಮ್ಮದೇ ಅಂಗಡಿಗಳಲ್ಲಿ ಮಾರುತ್ತಾರಂತೆ. ಅವರು ಸೇಡಂಗೆ ಬಂದು ರೊಟ್ಟಿ ತಿಂದು ನೋಡುವುದು, ಹಿಡಿಸಿದರೆ ಆ ಅಂಗಡಿಗಳಲ್ಲಿ ನಮ್ಮ ರೊಟ್ಟಿ ಇಡುವುದು ಎಂದು ಮಾತಾಗಿತ್ತು. ಹುರಿದ ಬೀಜದ ಪೊಟ್ಟಣವನ್ನೂ ಕೊಟ್ಟು ಕಳಿಸಿದ್ದರು. ಇದರಲ್ಲಿ ನೇರಳೆ ಹಣ್ಣು, ಬೆಲ್ಲ, ಕಿತ್ತಳೆ ಹೂವಿನ ರುಚಿ ಸಿಗುತ್ತದೆ ಎಂದು ಅದರ ಮೇಲೆ ಬರೆದಿತ್ತು. ನೇರಳೆ ಬೇಕಾದವರು ನೇರಳೆಯನ್ನೇ ತಿನ್ನಬಾರದೇ ಎಂದು ಕೇಳಿದೆ. "ತಿಳೀದಿದ್ರ ಸುಮ್ಮ ಕುಂದ್ರಿ. ಅವರ ಕಾಫಿ ಅವರಿಗೆ ಚೊಲೋ ಮಾಡಿ ಕೊಡಬೇಕು, ನಮ್ಮ ಮಾನದ ಪ್ರಶ್ನೆ ಅದ. ರೊಟ್ಟಿ ನಾ ನೋಡ್ಕೋತೀನಿ, ಕಾಫಿ ನಿಮ್ದು" ಎಂದಳು.

ಬೀಜ ಪುಡಿಯಾಗಬೇಕಲ್ಲ. ನಮ್ಮ ಮಿಕ್ಸರಿನಲ್ಲಿ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಬೆಳ್ಳುಳ್ಳಿ ವಾಸನೆ ಖಾಯಂ ಬಿಡಾರ ಹೂಡಿದೆ. ಎಷ್ಟು ತಿಕ್ಕಿದರೂ ಮನೆ ಖಾಲಿ ಮಾಡುವುದಿಲ್ಲ. ಹೇಗೂ ಸಂಘದ ಜೋಳ ಬೀಸಿಸಿಕೊಂಡು ಬರುವ ಕೆಲಸವನ್ನೂ ನನಗೇ ಅಂಟಿಸಿದ್ದಳು. ಎರಡನ್ನೂ ಸ್ಕೂಟರಿಗೆ ಹೇರಿಕೊಂಡು ಮಹಬೂಬ ಚಾಚಾನ ಹಿಟ್ಟಿನ ಗಿರಣಿಗೆ ಹೋದೆ. ಚಾಚಾ ಬೀಜ ಮೂಸಿ, "ಏನ್ರಿ ಸಾವಕಾರ್ರ, ಹುಣಸಿ ಬೀಜ ಹುರಕೊಂಡು ಬಂದೀರೇನು?" ಎಂದ. ಕಾಫಿ ಎಂದೆ. "ಹಂಗಾದ್ರ ಮೊದಲ ಜ್ವಾಳ ಹಾಕ್ತೀನ್ರಿ, ಇದು ಕಡೀಕಿರ್ಲಿ."

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ನಾನು ವ್ಯಾಪಾರಸ್ಥ. ಸಣ್ಣ ಗಿರಾಕಿಯನ್ನು ಮೊದಲು ಮುಗಿಸುವುದು ನನ್ನ ಪದ್ಧತಿ. "ಸಣ್ಣ ಗಂಟು ಮೊದಲ ಮುಗಸು ಚಾಚಾ, ನಾ ಅಂಗಡಿ ತೆರೀಬೇಕು" ಎಂದು ಜಬರಿಸಿದೆ.

ಸಂಜೆ ಹಿಟ್ಟು ಬುಟ್ಟಿಗೆ ಸುರಿದಾಗ ಮಹಾದೇವಿ ಕೂಗಿದ ಕೂಗಿಗೆ ಓಣಿಯ ನಾಯಿಗಳು ಎದ್ದು ನಿಂತವು. ಹಿಟ್ಟು ಬೂದಿ ಬಣ್ಣಕ್ಕೆ ತಿರುಗಿ ಘಮಘಮ ಎನ್ನುತ್ತಿತ್ತು. "ಮುಂದಿನಾಕಿ ಸಜ್ಜಿ ತಂದಾಳೇನು ಅಂತ ನೋಡಿ ನಾವು ಪಾಳಿ ಹಚ್ತೀವಿ. ಕಲ್ಲಿನಾಗ ಉಳಿದಿದ್ದು ಮುಂದಿನ ಹಿಟ್ಟಿಗೆ ಬರ್ತದ ಅಂತ ಸಣ್ಣ ಹುಡುಗಿಗೂ ಗೊತ್ತದ. ನೀವು ಕಾಫಿ ಮ್ಯಾಲ ನಮ್ಮ ಜ್ವಾಳ ಹಾಕಿಸೀರಲ್ರಿ!" ಆರಿಸಿಟ್ಟ ಜೋಳ ಅಷ್ಟೇ ಇತ್ತು. ಬೆಳಗಾದರೆ ಬರಬೇಕಾದ ಅತಿಥಿಗಳು ಆಗಲೇ ತಮ್ಮ ಊರು ಬಿಟ್ಟಿದ್ದರು. ಸಂಘದ ಹೆಂಗಸರು ನನ್ನ ವಂಶವನ್ನೆಲ್ಲ ನೆನೆಯುತ್ತ ಆ ಹಿಟ್ಟಿನಲ್ಲೇ ರೊಟ್ಟಿ ಬಡಿದರು. ನಾನು ನಾಚಿಕೆಯಿಂದ ಸತ್ತೇ ಹೋಗಿದ್ದೆ.

ಮರುದಿನ ಬಂದವರು ಇಬ್ಬರು. ಹಿರಿಯಳು ಲಕ್ಷ್ಮಮ್ಮ, ಜೊತೆಗೆ ಅವಳ ಸೊಸೆ. ನಾನು ಪೊಟ್ಟಣದ ಮೇಲೆ ಹೇಳಿದಂತೆ ಬಿಸಿನೀರು ಹೊಯ್ದು ಕಾಫಿ ಸೋಸಲು ಹೋದೆ. ಅದು ಕೆಳಗೆ ಇಳಿಯಲೇ ಇಲ್ಲ. ಗಿರಣಿಯಲ್ಲಿ ನನಗಿಂತ ಮೊದಲಿನವರು ಬೀಸಿಸಿದ್ದ ಜೋಳ ಕಾಫಿಯೊಳಗೆ ಬಂದು ಕೂತಿತ್ತು. ಅಂಬಲಿಯಂತೆ ಗಟ್ಟಿಯಾದದ್ದನ್ನೇ ಲೋಟಕ್ಕೆ ಬಗ್ಗಿಸಿ ಕೊಟ್ಟೆ. ಲಕ್ಷ್ಮಮ್ಮ ಒಂದು ಗುಟುಕು ಕುಡಿದಳು. ಲೋಟ ಮೆಲ್ಲಗೆ ಕೆಳಗಿಟ್ಟು, ಬಹಳ ಮರ್ಯಾದೆಯಿಂದ, "ಟೀ ಉಂದಾ ಅನ್ನಾ?" ಎಂದಳು. ತೆಲುಗಾದರೇನು, ಚಹಾ ಕೇಳಿದ್ದು ಸೇಡಂನವನಿಗೆ ತಿಳಿಯದೇ? ಓಡಿಹೋಗಿ ಶುಂಠಿ ಜಜ್ಜಿದೆ.

ಚಹಾ ತರುವಷ್ಟರಲ್ಲಿ ಒಳಗೆ ರೊಟ್ಟಿಯ ಬುಟ್ಟಿ ಅವರ ಮುಂದೆ ಬಂದಿತ್ತು. ಮಹಾದೇವಿ ಸೆರಗಿನ ತುದಿ ಹಿಂಡುತ್ತಿದ್ದಳು. ಲಕ್ಷ್ಮಮ್ಮ ರೊಟ್ಟಿ ಮುರಿದಳು, ಮೂಸಿದಳು, ತಿಂದಳು. ಸೊಸೆಗೂ ಒಂದು ಚೂರು ಕೊಟ್ಟಳು. ಆಮೇಲೆ ಇಬ್ಬರೂ ಬುಟ್ಟಿಗೇ ಕೈ ಹಾಕಿದರು. ಇದಕ್ಕೆ ಏನು ಸೇರಿಸುತ್ತೀರಿ, ನಮಗೆ ಇದೇ ರುಚಿಯ ರೊಟ್ಟಿ ಬೇಕು ಎಂದರು. ನನ್ನ ಹೆಂಡತಿ ಕಣ್ಣು ಕೂಡ ಮಿಟುಕಿಸದೆ, ಅದು ನಮ್ಮ ಸಂಘದ ಗುಟ್ಟು ಎಂದಳು. ಆ ಗುಟ್ಟು ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿತ್ತು.

ಮದುವೆಯಾದಂದಿನಿಂದ ನಾನು ಮಾಡಿದ ಯಾವ ಕೆಲಸವನ್ನೂ "ಇನ್ನೊಮ್ಮೆ ಹಂಗೇ ಮಾಡ್ರಿ" ಎಂದು ಮಹಾದೇವಿ ಹೇಳಿದವಳಲ್ಲ. ಈಗ ವಾರವಾರವೂ ಹೇಳುತ್ತಾಳೆ. ಮೊದಲು ಕಾಫಿ, ಆಮೇಲೆ ಜೋಳ, ನಡುವೆ ಯಾರನ್ನೂ ಬಿಡಬಾರದು. ಗಿರಣಿಯಲ್ಲಿ ನಮ್ಮ ಹಿಂದೆ ಪಾಳಿ ಹಚ್ಚಿದ ಹೆಂಗಸರಿಂದ ಬೈಸಿಕೊಂಡು ಅಲ್ಲಿಂದ ನೆಟ್ಟಗೆ ಅಂಗಡಿಗೆ ಬಂದು ಕೂರುತ್ತೇನೆ. ಒಳಗೆ ಬಂದ ಗಿರಾಕಿ ನನ್ನ ಅಂಗಿಯ ಕಾಫಿ ವಾಸನೆ ಹಿಡಿದು, "ಯಾಕ್ರಿ, ಚಹಾ ಬಿಟ್ರೇನು?" ಎಂದು ಕೇಳುತ್ತಾನೆ. ಇಲ್ಲ ಎಂದು ಆಣೆ ಮಾಡಿದರೂ, ನಾನು ತರಿಸಿದ ಚಹಾ ಕುಡಿಯುತ್ತಲೇ ನನ್ನನ್ನು ಒಂದು ಥರ ನೋಡುತ್ತಾನೆ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಇಷ್ಟು ವರ್ಷ ನಾನೇ ಅದನ್ನು ಚಹಾ ಬೇಡ ಎಂದವರ ಮೇಲೆ ಬೀರುತ್ತಿದ್ದೆ.