ಮೆಟ್ಟಿಲು ಬೀಳದ ಸಾಲು

ನಮ್ಮ ಸೋದರಮಾವನನ್ನು ಮದುವೆಗೆ ಕರೆಯುವುದೂ ಒಂದೇ, ಛತ್ರದೊಳಗೆ ಗೂಳಿ ಬಿಡುವುದೂ ಒಂದೇ! ಹಾಗಂತ ಕುಡುಕರಲ್ಲ, ಜಗಳಗಂಟರೂ ಅಲ್ಲ. ನಿವೃತ್ತ ಗಣಿತದ ಮೇಷ್ಟ್ರು. ಜನ ಸಾಲಾಗಿ ನಿಂತರೆ ಸಾಕು, ಅವರ ಕಣ್ಣು ಎಡದಿಂದ ಓಡುತ್ತದೆ. ಕುಳ್ಳ, ಪಕ್ಕದಲ್ಲಿ ಅವನಿಗಿಂತ ಎತ್ತರದವನು, ಅವನ ಪಕ್ಕ ಇನ್ನೂ ಎತ್ತರದವನು, ಹೀಗೆ ಮೂವರು ಒತ್ತಾಗಿ ಏರುತ್ತ ಹೋದರೆ ಅದು 'ಮೆಟ್ಟಿಲು'. ಮೆಟ್ಟಿಲು ಬೀಳದಂತೆ ಎಷ್ಟು ಬಗೆಯಲ್ಲಿ ನಿಲ್ಲಿಸಬಹುದು ಎಂಬುದೇ ಅವರ ಲೆಕ್ಕ. ಮೂವರಿಗೆ ಐದು, ನಾಲ್ವರಿಗೆ ಹದಿನೇಳು, ಐವರಿಗೆ ಎಪ್ಪತ್ತು. ಅದರಿಂದ ಏನು ಲಾಭ ಅಂತೀರಾ? ನಾನೂ ಕೇಳಿ ಬೈಸಿಕೊಂಡಿದ್ದೇನೆ.

ದೊಡ್ಡಬಳ್ಳಾಪುರದಲ್ಲಿ ಚಿಕ್ಕಪ್ಪನ ಮಗಳ ಆರತಕ್ಷತೆ. ಫೋಟೋದವನು ಇನ್ನೇನು ಗುಂಡಿ ಒತ್ತಬೇಕು, ಮಾವ ವೇದಿಕೆ ಹತ್ತಿಯೇಬಿಟ್ಟರು.

"ತಡಿಯಪ್ಪಾ! ಮೆಟ್ಲು ಬಿದ್ದೈತೆ!"

ಪಾಪ, ಅವನು ತನ್ನ ಕಾಲಕೆಳಗೆ ನೋಡಿಕೊಂಡ. ಅಷ್ಟರಲ್ಲಿ ಮದುಮಗ ತನ್ನ ಅತ್ತೆಯ ಪಕ್ಕಕ್ಕೆ, ಮದುಮಗಳು ಆ ತುದಿಗೆ!

"ಗಂಡು-ಹೆಣ್ಣು ಜೊತೇಲಿ ಬೇಡ್ವಾ ಸಾರ್?"

"ನಿಯಮದಲ್ಲಿ ಹಂಗೇನೂ ಇಲ್ವಲ್ಲ!"

ನೆಲಮಂಗಲದ ಬಸ್ ಸ್ಟಾಪಿನಲ್ಲೂ ಇದೇ ಕಥೆ. "ಅಮ್ಮಾ, ನೀವು ಇವರಿಬ್ಬರ ಮಧ್ಯೆ ಬನ್ನಿ" ಅಂದದ್ದಕ್ಕೆ ಒಬ್ಬಾಕೆ, "ನಾನು ಕುಳ್ಳಿ ಆದ್ರೆ ನಿಮ್ಮಪ್ಪನ ಗಂಟೇನ್ರೀ ಹೋಗ್ತದೆ?" ಎಂದು ಜಾಡಿಸಿದರು. ಜಗಳದ ಗಲಾಟೆಯಲ್ಲಿ ಬಸ್ಸೂ ಹೋಯಿತು.

ಬರಬರುತ್ತ ಲಗ್ನಪತ್ರಿಕೆಗಳು ಅವರ ಮನೆಯ ಹಾದಿ ಮರೆತವು. ಮಕ್ಕಳಿಲ್ಲ. ಮಾವನ ಹೆಂಡತಿ, ನಮ್ಮತ್ತೆ, ತೀರಿಕೊಂಡ ಮೇಲಂತೂ ಅತ್ತ ಯಾರೂ ತಲೆ ಹಾಕಲಿಲ್ಲ. ಮೊನ್ನೆ ನಾನೂ ನನ್ನ ಹೆಂಡತಿಯೂ ಹೋದಾಗ, ಜಗಲಿಯ ಮೇಲೆ ಸಣ್ಣದು ದೊಡ್ಡದು ಲೋಟಗಳನ್ನು ಸಾಲಾಗಿಟ್ಟು ಅದಲುಬದಲು ಮಾಡುತ್ತಿದ್ದರು.

"ಜನ ಸಿಗಲ್ಲ ಕಣೋ. ಇವಾದ್ರೂ ಮಾತ್ ಕೇಳ್ತವೆ."

ಚೇಷ್ಟೆಗೆ ಕೇಳಿದೆ: "ಒಬ್ಬನೇ ಇದ್ರೆ ಎಷ್ಟು ಬಗೆ ಮಾವ?"

"ಒಂದೇ. ನಿಮ್ಮತ್ತೆ ಇದ್ದಾಗ ಎರಡು. ಹೆಂಗ್ ನಿಂತ್ರೂ ಮೆಟ್ಲು ಬೀಳಲ್ಲ." ಲೋಟವೊಂದನ್ನು ಒರೆಸುತ್ತ ಅಂದರು, "ತಪ್ಪಾಗೋಕೂ ಮೂರು ಜನ ಬೇಕಲ್ಲಪ್ಪಾ!"

 

ಸಂಜೆ ಹೊರಟಾಗ ಮಾವ ಗೇಟಿನವರೆಗೂ ಬಂದರು. ಎಡಕ್ಕೆ ನನ್ನ ಭುಜದೆತ್ತರಕ್ಕೆ ಬರುವ, ಗುಜ್ಜಾನೆಯಂಥ ನನ್ನ ಹೆಂಡತಿ, ನಡುವೆ ನಾನು, ನನ್ನ ಬಲಕ್ಕೆ ಆರಡಿಯ ಮಾವ. ಅಯ್ಯೋ, ಮೆಟ್ಟಿಲು! ನಾನು ಗಡಬಡಿಸಿ ಆಚೆ ಸರಿಯಹೋದೆ. ಮಾವ ನನ್ನ ರಟ್ಟೆ ಹಿಡಿದರು.

"ಇರ್ಲಿ ಬಿಡೋ. ಇನ್ನೊಂಚೂರು ಹೊತ್ತು ಹಿಂಗೇ ಇರ್ಲಿ."